ಯಲ್ಲಾಪುರಕ್ಕೆ ಒಯ್ದ ಮೂರು ದನಿ

ಸಿದ್ದಾಪುರದಿಂದ ಬೆಳಿಗ್ಗೆ ಆರೂಕಾಲಿಗೆ ಹೊರಡಬೇಕಾದ ಬಸ್ಸು ಆರೂಕಾಲಿಗೇ ಹೊರಟಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ದಿನ ನಡೆದ ಬೇರೆಲ್ಲವನ್ನೂ ನಂಬುವವರು ಇದೊಂದನ್ನು ನಂಬುವುದಿಲ್ಲ.

ನಾವು ನಾಲ್ವರು. ನನ್ನ ಅಕ್ಕ ಸವಿತಾ, ಪ್ರಾಥಮಿಕ ಶಾಲೆಯ ಮಾಸ್ತರನಾದ ಗಣಪತಿ ಭಾವ, ಅವರ ನಾಲ್ಕು ವರ್ಷದ ಮಗಳು ಮೈತ್ರಿ, ಮತ್ತು ಧಾರವಾಡದಲ್ಲಿ ಬಿ.ಕಾಂ. ಓದುತ್ತಿದ್ದೇನೆಂದು ಊರನ್ನೆಲ್ಲ ನಂಬಿಸಿದ್ದ ನಾನು. ಮೈತ್ರಿಗೆ ಆರು ತಿಂಗಳಿಂದ ಉಬ್ಬಸ. ನೋಡಿದವರೆಲ್ಲ ಹಾಗೇ ಹೇಳಿದ್ದರು. ಮಲಗಿದರೆ ಉಸಿರು ಸಿಗದೆ ಎದ್ದು ಕೂರುತ್ತಿದ್ದಳು. ಕಷಾಯ, ಸಿರಪ್ಪು, ಶಿರಸಿಯಲ್ಲಿ ಮೂಗಿಗೆ ಹಿಡಿಯುವ ಹಬೆ ಎಲ್ಲ ಆಗಿತ್ತು. ಮಗು ಬಡವಾಗುತ್ತಲೇ ಹೋಯಿತು. ಗುರುವಾರ ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಮಕ್ಕಳ ಡಾಕ್ಟರೊಬ್ಬರು ಬರುತ್ತಾರೆ, ಸಾವಧಾನದಿಂದ ನೋಡುತ್ತಾರೆ ಎಂದು ಯಾರೋ ಹೇಳಿದ ಮೇಲೆ ಹೊರಟದ್ದು ಈ ಪ್ರಯಾಣ. ಮೇ ತಿಂಗಳ ರಜೆಯಲ್ಲಿ ಮನೆಗೆ ಬಂದಿದ್ದ ನನ್ನನ್ನು ಚೀಲ ಹೊರಲು ಕರೆದೊಯ್ದರು.

ನಾನು ಅಣಕು ಮಾಡುವವನು. ಬೇರೆ ಕಸುಬು ಬಾರದು. ಕೇಳಿದ ದನಿ ಗಂಟಲಿಗೆ ಅಂಟಿಕೊಳ್ಳುತ್ತದೆ. ಭಾವನ ಹಾಜರಿ ಕೂಗುವ ದನಿಯನ್ನು ಅವನ ಮದುವೆಯ ಚಪ್ಪರದಲ್ಲೇ ಮಾಡಿ ತೋರಿಸಿದ್ದೆ. ಹಾಗಾಗಿ ಬಸ್ಸು ಹತ್ತುವ ಮೊದಲೇ ಅಕ್ಕ ನಿಬಂಧನೆ ಹಾಕಿದಳು.

"ತಮಾ, ಯಾರ್ದು ಬೇಕಾದ್ರೂ ಮಾಡು. ಯನ್ನ ಕೂಸಿಂದು ಮಾತ್ರ ಮಾಡಡ."

ಅದಕ್ಕೆ ಕಾರಣವಿತ್ತು. ಸಂಕ್ರಾಂತಿಗೆ ಬಂದಿದ್ದಾಗ ಮೈತ್ರಿಯ ದನಿ ಒಡಕಾಗಿದ್ದನ್ನು ಕೇಳಿ, "ಇದೆಂತ ಯಕ್ಷಗಾನದ ರಾಕ್ಷಸನೋ!" ಎಂದು ಅವಳಂತೆಯೇ ಮಾತಾಡಿದ್ದೆ. ಎಲ್ಲರೂ ನಕ್ಕರು. ಅವಳು ಅತ್ತಳು. ಅಂದಿನಿಂದ ನಿಷೇಧ.

ಶಿರಸಿ ತಲುಪಿದಾಗ ಏಳೂಮುಕ್ಕಾಲು. ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಬನ್ಸು, ಚಹಾ. ಮೈತ್ರಿ ಅಪ್ಪನ ಲೋಟಕ್ಕೆ ಸಕ್ಕರೆ ಹಾಕುವ ಅಧಿಕಾರ ಪಡೆದು ನಾಲ್ಕು ಚಮಚ ಸುರಿದಳು. ಭಾವ ಮುಖ ಹಿಂಡದೆ ಕುಡಿದ.

"ಸಿಹಿ ಇದ್ದ?" ಎಂದಳು, ಗರಗಸ ಎಳೆದಂಥ ದನಿಯಲ್ಲಿ.

"ಸ್ವಲ್ಪ ಕಮ್ಮಿ ಆತು," ಎಂದ ಭಾವ.

ಅವಳು ಐದನೆಯದನ್ನೂ ಹಾಕಿದಳು. ಅಕ್ಕ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಮನೆಯಲ್ಲಿ ಅವರು ಮೂವರೂ ಹೀಗೇ. ಕಾಯಿಲೆ ಮೂಲೆಯಲ್ಲಿ ಕೂತಿರುತ್ತಿತ್ತು. ಇವರು ಅದಕ್ಕೂ ಒಂದು ಮಣೆ ಹಾಕಿ ತಮ್ಮ ಪಾಡಿಗೆ ಆಡಿಕೊಂಡಿರುತ್ತಿದ್ದರು.

ಯಲ್ಲಾಪುರದ ಬಸ್ಸಿನ ಕಂಡಕ್ಟರು ಹಾನಗಲ್ ಕಡೆಯವರು. "ಒಳಗ ಸರೀರಿ, ಒಳಗ ಸರೀರಿ, ಹಿಂದ ಮೈದಾನ ಖಾಲಿ ಐತಿ!" ಎಂದು ಕೂಗುತ್ತಿದ್ದರು. ಮೈತ್ರಿ ನನ್ನ ತೋಳು ಜಗ್ಗಿದಳು. "ಮಾವಾ, ಮಾಡು." ಮಾಡಿದೆ. ಹಿಂದಿದ್ದ ನಾಲ್ಕು ಜನ ನಿಜವಾಗಿಯೂ ಸರಿದರು. ಕಂಡಕ್ಟರು ಬಂದು ಚರ್ಮದ ಚೀಲ ನನ್ನ ಮುಂದೆ ಹಿಡಿದರು.

"ತಗೋರಿ ಸಾಹೇಬ್ರ. ನೀವ ಟಿಕೀಟ ಹರೀರಿ, ನಾ ಕುಂಡರ್ತೀನಿ."

ಬಸ್ಸೆಲ್ಲ ನಕ್ಕಿತು. ಅವರು ಮೈತ್ರಿಯನ್ನು ಕಣ್ಣಲ್ಲೇ ಅಳೆದು, "ಈ ಕೂಸಿಗೆ ಬ್ಯಾಡ್ರಿ. ಮೂರೇ ಸಾಕು," ಎಂದು ಚೀಟಿ ಹರಿದುಕೊಟ್ಟರು.

ಹುಲಗೋಳದಲ್ಲಿ ಹಲಸಿನ ಹಣ್ಣೊಂದು ಹತ್ತಿತು, ಹಿಂದೆ ಅದರ ಯಜಮಾನತಿ. ಸ್ವರ್ಣವಲ್ಲಿ ಮಠದ ಕಡೆ ತಿರುಗುವ ರಸ್ತೆ ಬಂದಾಗ ಅಕ್ಕ ಕೈಮುಗಿದಳು. ಭಾವನೂ ಕೈಮುಗಿದ. ಪರೀಕ್ಷೆಯ ಹಿಂದಿನ ದಿನ ಬಿಟ್ಟರೆ ಎಂದೂ ಮುಗಿಯದ ನಾನೂ ಮುಗಿದೆ. ಆಮೇಲೆ ಮೈತ್ರಿಗೆ ಕೆಮ್ಮು ಹತ್ತಿತು. ಮಂಚಿಕೇರಿ ದಾಟುವವರೆಗೆ ಭಾವ ಅವಳ ಬೆನ್ನು ಸವರುತ್ತಿದ್ದ.

ಯಲ್ಲಾಪುರದಲ್ಲಿ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಾಕ್ಟರು. ಐವತ್ತರ ಆಸುಪಾಸಿನ ಹೆಂಗಸು, ಮೂಗಿನ ತುದಿಗೆ ಕನ್ನಡಕ. ನಮ್ಮ ಸರದಿ ಹನ್ನೊಂದೂವರೆಗೆ ಬಂತು. ಭಾವ ಮಗಳ ಕಾಯಿಲೆಯ ಪಟ್ಟಿ ಬಿಚ್ಚಿದ. ತಾರೀಖು, ಜ್ವರ, ಔಷಧಿ, ಊಟ, ನಿದ್ದೆ, ಎಲ್ಲ ಗೆರೆ ಎಳೆದು ಬರೆದಿದ್ದ. ಡಾಕ್ಟರಮ್ಮ ಓದಿ, "ಬರವಣಿಗೆ ಚೆಂದ ಇದೆ," ಎಂದರು. ಎದೆ ಪರೀಕ್ಷಿಸಿದರು. ಮತ್ತೊಮ್ಮೆ ಪರೀಕ್ಷಿಸಿದರು. ಮೈತ್ರಿಯ ಹೆಸರು ಕೇಳಿ, ಅವಳು ಹೇಳಿದ್ದನ್ನು ಕೇಳಿ ಕನ್ನಡಕ ಮೇಲೆ ಸರಿಸಿದರು.

"ದನಿ ಮೊದಲಿನಿಂದಲೂ ಹೀಗೇನಾ?"

"ಹೌದು ಮೇಡಂ, ಸ್ವಲ್ಪ ದಪ್ಪವೇ," ಎಂದ ಭಾವ. "ನಮ್ಮ ತಂದೆಯವರದೂ ಹಾಗೇ."

ಅಕ್ಕ ಹೌದೆಂದು ತಲೆಯಾಡಿಸಿದಳು. ಅವರು ಸುಳ್ಳು ಹೇಳಲಿಲ್ಲ. ದಿನಾ ಕೇಳುವ ದನಿ ದಿನಕ್ಕೊಂದು ಎಳೆಯಷ್ಟು ಬದಲಾದರೆ ತಿಳಿಯುವುದು ಹೇಗೆ? ನಾನು ಮೂರು ತಿಂಗಳಿಗೊಮ್ಮೆ ಬರುವವನು. ನನ್ನ ಗಂಟಲಲ್ಲಿ ಮೂರು ಮೈತ್ರಿಯರಿದ್ದರು.

"ಅಲ್ಲ ಮೇಡಂ," ಎಂದೆ. "ಹೀಗಿರಲಿಲ್ಲ."

ಅಕ್ಕ ತಿರುಗಿ ನೋಡಿದಳು. ನಾನು ಅವಳ ಕಡೆ ನೋಡದೆ ಮಾಡಿದೆ. ಮೊದಲು ದೀಪಾವಳಿಯದು: "ಮಾವಾ, ನೀ ಪಟಾಕಿ ಹೊಡಿ, ಆನು ಕೆಮಿ ಮುಚ್ಕತ್ತೆ!" ತೊಳೆದ ಹಿತ್ತಾಳೆ ಗಂಟೆಯಂಥ ದನಿ. ಆಮೇಲೆ ಸಂಕ್ರಾಂತಿಯದು: "ಯಂಗೆ ಎಳ್ಳುಬೆಲ್ಲ ಬೇಕು." ಅಂಚು ಮುಕ್ಕಾದದ್ದು. ಕೊನೆಗೆ ಬೆಳಿಗ್ಗೆಯದು: "ಸಿಹಿ ಇದ್ದ?" ಜೊತೆಗೆ, ಯಾರೂ ಕೇಳದಿದ್ದರೂ, ಮಲಗಿದಾಗ ಅವಳು ಉಸಿರಾಡುವ ಸದ್ದನ್ನೂ ಮಾಡಿದೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಆ ಸದ್ದು ಉಸಿರು ಎಳೆದುಕೊಳ್ಳುವಾಗಲೋ, ಬಿಡುವಾಗಲೋ? ಸರಿಯಾಗಿ ನೆನಪು ಮಾಡಿಕೊಂಡು ಇನ್ನೊಮ್ಮೆ ಮಾಡಿ."

ಮಾಡಿದೆ. ಎಳೆದುಕೊಳ್ಳುವಾಗ.

ನಕ್ಕವಳು ಮೈತ್ರಿಯೊಬ್ಬಳೇ. "ಅದು ಆನು!" ಎಂದಳು, ತನ್ನ ಎದೆ ಮುಟ್ಟಿಕೊಂಡು.

"ಇದು ಉಬ್ಬಸ ಅಲ್ಲ ಅನ್ನಿಸ್ತದೆ," ಎಂದರು ಡಾಕ್ಟರಮ್ಮ. "ತೊಂದರೆ ಎದೆಯಲ್ಲಿಲ್ಲ, ಗಂಟಲಲ್ಲಿದೆ. ದನಿ ಹುಟ್ಟೋ ಜಾಗದಲ್ಲಿ ಏನೋ ಬೆಳೀತಾ ಇರಬಹುದು. ಹುಬ್ಬಳ್ಳಿಯಲ್ಲಿ ನಳಿಗೆ ಇಳಿಸಿ ನೋಡಬೇಕು. ಇದ್ದರೆ ತೆಗೀಬಹುದು. ಮತ್ತೆ ಬಂದರೆ ಮತ್ತೆ ತೆಗೀಬೇಕು. ಆದರೆ ತಡ ಮಾಡಬೇಡಿ, ದಾರಿ ಪೂರ್ತಿ ಕಟ್ಟಿದರೆ ಕಷ್ಟ. ಸೋಮವಾರವೇ ಬನ್ನಿ, ನಾನೇ ಅಲ್ಲಿರ್ತೀನಿ."

"ದನಿ ವಾಪಸ್ ಬರ್ತದಾ?" ಅಕ್ಕ ಕೇಳಿದಳು.

"ಮೊದಲು ಉಸಿರು ನೋಡೋಣಮ್ಮ."

ಹೊರಗೆ ಬಿಸಿಲು ಚುರುಗುಡುತ್ತಿತ್ತು. ಭಾವ ಎಸ್.ಟಿ.ಡಿ. ಬೂತಿಗೆ ಹೋಗಿ ಹುಬ್ಬಳ್ಳಿಯಲ್ಲಿರುವ ದೊಡ್ಡಪ್ಪನ ಮಗನಿಗೆ ಫೋನು ಹಚ್ಚಿದ. "ಸೋಮವಾರ ಬತ್ಯ, ಒಂದು ವಾರ ಉಳಿಯವು," ಎಂದು ಹೇಳುವಷ್ಟರಲ್ಲಿ ಹಾಜರಿ ಕೂಗುವ ಮಾಸ್ತರನ ದನಿ ಎರಡು ಸಲ ಕಡಿಯಿತು. ಆ ದನಿಯನ್ನು ನಾನು ಕಲಿಯಲಿಲ್ಲ.

ಮಧ್ಯಾಹ್ನ ಅನ್ನ ಸಾರು ಉಂಡು ಮೂರು ಗಂಟೆಯ ಬಸ್ಸು ಹಿಡಿದೆವು. ಅದೇ ಬಸ್ಸು, ಅದೇ ಕಂಡಕ್ಟರು. ಮೈತ್ರಿ ಅಕ್ಕನ ಮಡಿಲಲ್ಲಿ ನಿದ್ದೆ ಹೋದಳು. ನಾನು ಬೈಗುಳಕ್ಕೆ ಕಾದು ಕೂತೆ. ಅದಕ್ಕೆ ಅರ್ಹನೇ. ಆ ಒಡಕು ಎಲ್ಲರಿಗಿಂತ ಮೊದಲು ಕೇಳಿಸಿದ್ದು ನನ್ನ ಕಿವಿಗೆ. ಅದನ್ನು ತಮಾಷೆ ಮಾಡಿ ನಾಲ್ಕು ತಿಂಗಳು ಕಳೆದವನೂ ನಾನೇ.

ಮಂಚಿಕೇರಿ ದಾಟಿದ ಮೇಲೆ ಅಕ್ಕ ಕಿಟಕಿಯ ಕಡೆ ಮುಖವಿಟ್ಟುಕೊಂಡೇ ಹೇಳಿದಳು. "ತಮಾ, ಇನ್ನೊಂದ್ಸಲ ಮಾಡು. ದೀಪಾವಳಿದು."

ಅಣಕು ಮಾಡೆಂದರೆ ಎರಡನೇ ಮಾತಿಗೆ ಕಾಯದ ನಾನು ಮೊದಲ ಸಲ ಗಂಟಲು ಸರಿಮಾಡಿಕೊಂಡೆ. ಮೆಲ್ಲಗೆ ಮಾಡಿದೆ. ಪಟಾಕಿ, ಕಿವಿ ಮುಚ್ಚಿಕೊಳ್ಳುವುದು, ಎಲ್ಲ. ಅಕ್ಕ ಕಣ್ಣು ಮುಚ್ಚಿ ಕೇಳಿದಳು. "ಮರ್ತೇ ಹೋಗಿತ್ತು ಮಾರಾಯ," ಎಂದಳು. "ಇನ್ನೊಂದ್ಸಲ."

ಎರಡನೆಯದು ಸ್ವಲ್ಪ ಜೋರಾಯಿತೇನೋ. ಕಂಡಕ್ಟರು ಸೀಟುಗಳ ನಡುವೆ ಬಗ್ಗಿ ನೋಡುತ್ತ ಬಂದರು. ಮಡಿಲಲ್ಲಿ ಮಲಗಿದ್ದವಳನ್ನು ಕಂಡರು, ಸೀಟಿನ ಕೆಳಗೂ ಇಣುಕಿದರು.

"ಏನ್ರಿ ಅಕ್ಕಾರ, ಮುಂಜಾನೆ ಒಂದ ಕೂಸಿತ್ತು. ಮಾತಾಡೋ ಕೂಸು ಇನ್ನೊಂದೆಲ್ಲೈತ್ರಿ?"

ಭಾವ ನನ್ನ ಕಡೆ ನೋಡಿದ. ನಾನು ನನ್ನ ಕಾಲು ನೋಡಿಕೊಂಡೆ.

ಅಕ್ಕ ಮೈತ್ರಿಯ ಹಣೆಯ ಮೇಲಿನ ಬೆವರು ಒರೆಸಿ, ಸೆರಗು ಸರಿಪಡಿಸಿ, ಮರುದಿನದ ಹಾಲಿನ ವಿಷಯ ಹೇಳುವವಳಂತೆ ಹೇಳಿದಳು.

"ಅದು ಹುಬ್ಬಳ್ಳಿಯಿಂದ ಬರಬೇಕು."