ಬ್ಲೀಗಿಲ್ ಗೇಟಿನ ದಾರಿ

ನೋರೀನ್ ಪಿಕರ್ಸ್‌ಗಿಲ್ ದಾರಿ ಹಾಕುವುದು ಅಡುಗೆಮನೆಯ ಮೇಜಿನ ಮೇಲೆ. ನಕಾಶೆಯ ಮೂಲೆಗಳಿಗೆ ಜಾಮ್ ಸೀಸೆಗಳನ್ನಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ. ನಮ್ಮ ಯಾರ್ಕ್‌ಷೈರ್ ಕಣಿವೆಯ ಹಳೆಯ ಕಾರುಗಳ ಸಂಘ ಪ್ರತಿ ವಸಂತದಲ್ಲೂ ಒಂದು ಭಾನುವಾರ ಸವಾರಿ ಹೊರಡುತ್ತದೆ. ಬಹುಕಾಲದಿಂದ ಅದಕ್ಕೆ ಅವಳದೇ ದಾರಿ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಇಲ್ಲಿನ ತಿರುವುಗಳು ಅವಳ ತೋಳುಗಳಿಗೇ ಗೊತ್ತು. ಬೆಳಗಿನ ಬಿಸಿಲು ಬೆನ್ನಿಗಿರಬೇಕು. ಮುದಿ ಎಂಜಿನ್ನುಗಳು ಕುದಿಯುವ ಮುನ್ನ ಏರು ಮುಗಿಯಬೇಕು. ಒಳ್ಳೆಯ ನೋಟವೆಂಬುದು ದೂರದಿಂದಲೇ ಕಾಣಿಸಿಕೊಳ್ಳದೆ, ತಿರುವು ದಾಟಿದೊಡನೆ ಎದೆಗೆ ಬಂದು ಬೀಳಬೇಕು. ಇದು ಅವಳ ಶಾಸ್ತ್ರ. ಈ ವರ್ಷ ಮಾತ್ರ ಅವಳ ಪೆನ್ಸಿಲು ಬ್ಲೀಗಿಲ್ ಗುಡ್ಡದ ಬುಡಕ್ಕೆ ಬಂದಾಗಲೆಲ್ಲ ಎಡಕ್ಕೆ ಹೊರಳಿ, ಹೆದ್ದಾರಿ ಹಿಡಿದು, ಗುಡ್ಡವನ್ನು ಬಳಸಿಕೊಂಡು ಹೋಗುತ್ತಿತ್ತು.

ಸಂಘದ ಅಧ್ಯಕ್ಷ ಕ್ಲೈವ್ ಆ ಗೆರೆಯ ಮೇಲೆ ಬೆರಳಿಟ್ಟ.

“ಇದೇನು ಮಾರಾಯ್ತಿ, ಗುಡ್ಡದ ಮೇಲಿನ ನೋಟ ಬಿಟ್ಟು ಪೆಟ್ರೋಲ್ ಬಂಕು ತೋರಿಸ್ತೀಯಾ?”

“ಮೇಲಿನ ದಾರಿ ಸರಿಯಿಲ್ಲ.”

“ನಿನ್ನೆ ತಾನೆ ನನ್ನ ಹೆಂಡ್ತಿ ಅದೇ ದಾರೀಲಿ ಬಂದ್ಳು. ಅವಳ ಡ್ರೈವಿಂಗನ್ನೇ ತಡ್ಕೊಂಡ ದಾರಿ ನಮ್ಮ ಡಬ್ಬಗಳನ್ನ ತಡ್ಕೊಳ್ಳಲ್ವಾ?”

ನೋರೀನ್ ನಗಲಿಲ್ಲ. ಆಗಲೇ ತುಂಬಿದ್ದ ಅವನ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸಿದಳು. ಅದು ತಟ್ಟೆಗೆ ಚೆಲ್ಲಿತು.

ಮರುದಿನ ದಾರಿಯನ್ನು ಓಡಿಸಿ ನೋಡಲು ಹೊರಟೆವು. ಪಕ್ಕದ ಮನೆಯವನಾದ ನಾನು ಇಂಥ ಹೊತ್ತಿನಲ್ಲಿ ಅವಳ ಹಳೆಯ ಮಾರಿಸ್ ಮೈನರ್ ಕಾರಿನಲ್ಲಿ ನಕಾಶೆ ಹಿಡಿದು ಕೂರುವುದು ವಾಡಿಕೆ. ಬ್ಲೀಗಿಲ್ ಕವಲಿನಲ್ಲಿ ಅವಳು ಕಾರನ್ನು ಅಂಚೆಪೆಟ್ಟಿಗೆಯ ಬಳಿ ನಿಲ್ಲಿಸಿದಳು. ಎಂಜಿನ್ನನ್ನು ಆರಿಸದೆ, ನನ್ನತ್ತ ತಿರುಗದೆ, ಎದುರಿನ ಕಲ್ಲುಗೋಡೆಗೆ ಹೇಳಿಕೊಳ್ಳುವವಳಂತೆ ಎಲ್ಲವನ್ನೂ ಹೇಳಿದಳು.

ನಮ್ಮ ಗುಡ್ಡಗಳಲ್ಲಿ ಗೇಟಿಗೆ ಒಂದೇ ನಿಯಮ: ತೆರೆದಿದ್ದರೆ ತೆರೆದೇ ಬಿಡಬೇಕು, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಬೇಕು. ನಡೆಯಲು ಕಲಿಯುವಾಗಲೇ ಮಕ್ಕಳಿಗೆ ಇದನ್ನು ಕಲಿಸಿರುತ್ತಾರೆ. ಎರಡು ವರ್ಷದ ಹಿಂದಿನ ಸವಾರಿಯಲ್ಲಿ ಪಟ್ಟಣದ ಹೊಸ ಸದಸ್ಯನೊಬ್ಬ ಮುಚ್ಚಿದ್ದ ಗೇಟನ್ನು ತೆರೆದು ಹಾಗೆಯೇ ಬಿಟ್ಟುಹೋಗಿ, ಯಾರದೋ ಹೋರಿಗಳು ರಸ್ತೆಗಿಳಿದು ಸಂಘಕ್ಕೆ ಕೆಟ್ಟ ಹೆಸರು ಬಂದಿತ್ತು. ಆ ಅವಮಾನದಲ್ಲಿ ನೋರೀನ್ ಕಳೆದ ವರ್ಷದ ದಾರಿಯ ಹಾಳೆಗೆ ಒಂದು ಸಾಲು ಸೇರಿಸಿದಳು: ಪ್ರತಿಯೊಂದು ಗೇಟನ್ನೂ ದಾಟಿದ ಮೇಲೆ ಮುಚ್ಚಿರಿ. ಆ ಸವಾರಿಯ ದಿನ ಬ್ಲೀಗಿಲ್ ಗೇಟು ತೆರೆದಿತ್ತು. ಸಂಜೆಗೆ ಹಿಮ ಬೀಳುವ ಸೂಚನೆಯಿದ್ದುದರಿಂದ, ಕುರಿಗಳು ಮರಿಗಳೊಂದಿಗೆ ಕೆಳಗಿನ ಹೊಲಕ್ಕೆ ಇಳಿದು ಗೋಡೆಯ ಮರೆ ಸೇರಲೆಂದು, ಮುದುಕ ಏಮಸ್ ಕ್ಯಾಲ್ವರ್ಟ್ ಬೆಳಿಗ್ಗೆಯೇ ಅದನ್ನು ತೆರೆದು ಹುರಿಯಿಂದ ಬಿಗಿದು ಹೋಗಿದ್ದ. ಸವಾರಿಯ ಕೊನೆಯ ಕಾರಿನವರು ಹಾಳೆಯನ್ನು ನೋಡಿ, ಹುರಿ ಬಿಚ್ಚಿ, ಅದನ್ನು ಕಂಬಕ್ಕೆ ಅಚ್ಚುಕಟ್ಟಾಗಿ ತೂಗುಹಾಕಿ, ಗೇಟು ಮುಚ್ಚಿ ಮುಂದೆ ಹೋದರು. ಹಿಮ ಬಂತು. ಬೆಳಿಗ್ಗೆ ಗೇಟಿನ ಆಚೆ ಬದಿಯಲ್ಲಿ ಮರಿಗಳು ಒಂದರ ಮೇಲೊಂದು ಸತ್ತುಬಿದ್ದಿದ್ದವು.

ಏಮಸ್‌ನ ಸೊಸೆ ಗಿಲಿಯನ್ ಫೋನ್ ಮಾಡಿ ನಿಮ್ಮವರೇನಾದರೂ ಗೇಟು ಮುಟ್ಟಿದರೇ ಎಂದು ಕೇಳಿದ್ದಳು. “ನಮ್ಮವರು ಹಾಗೆಲ್ಲ ಮುಟ್ಟೋರಲ್ಲ ಕಣೇ,” ಎಂದಿದ್ದಳು ನೋರೀನ್. ಆ ಗಳಿಗೆಗೆ ಅದು ಸುಳ್ಳಾಗಿರಲಿಲ್ಲ. ಫೋನ್ ಇಟ್ಟ ಮೇಲೆ, ಹಣ್ಣಿನ ಬುಟ್ಟಿಯ ಅಡಿಯಲ್ಲಿ ಉಳಿದಿದ್ದ ದಾರಿಯ ಹಾಳೆಯೂ ಅದರಲ್ಲಿ ತಾನೇ ಸೇರಿಸಿದ್ದ ಸಾಲೂ ಕಣ್ಣಿಗೆ ಬಿದ್ದವು. ಮತ್ತೆ ಫೋನೆತ್ತಿದಳು, ಇಟ್ಟಳು. ಬೆಳಗಾಗಲಿ ಎಂದುಕೊಂಡಳು. ಬೆಳಗಾಗುವಷ್ಟರಲ್ಲಿ ಊರಿನ ಅಂಗಡಿಯಲ್ಲಿ, ಗೇಟನ್ನು ತಾನೇ ಮುಚ್ಚಿ ಮರೆತ ಏಮಸ್‌ಗೆ ಅರಳುಮರಳೆಂಬ ಮಾತು ಹರಡಿತ್ತು. ಗುಡ್ಡ ಹತ್ತಲು ಅವನು ಬಳಸುತ್ತಿದ್ದ ನಾಲ್ಕು ಚಕ್ರದ ಬೈಕಿನ ಕೀಲಿಯನ್ನು ಗಿಲಿಯನ್ ತೆಗೆದಿಟ್ಟಳು. ಕುರಿಗಳ ಬಳಿ ಅವನನ್ನು ಒಂಟಿಯಾಗಿ ಬಿಡುವುದು ನಿಂತಿತು. ಹೇಳದೆ ಕಳೆದ ಒಂದೊಂದು ದಿನವೂ ಹೇಳಬೇಕಾದುದನ್ನು ಮತ್ತಷ್ಟು ಭಾರವಾಗಿಸಿತು.

“ದಾರಿ ಮೇಲಿಂದ ಹಾಕಿದ್ರೆ ಅವರ ಬಾಗಿಲು ತಟ್ಬೇಕಲ್ಲ,” ಎಂದಳು. ದಾರಿಯಲ್ಲಿ ಸಿಗುವ ಪ್ರತಿ ಮನೆಗೂ ಮೊದಲೇ ಹೋಗಿ, ಸವಾರಿ ಬರುತ್ತದೆಂದು ತಿಳಿಸಿ, ಒಂದು ಬಟ್ಟಲು ಚಹಾ ಕುಡಿದು ಬರುವುದು ಸಂಘದ ಪದ್ಧತಿ. “ಆ ಮುದುಕನ ಎದುರು ಕೂತು ಹೇಗೆ ಚಹಾ ಕುಡೀಲಿ?”

ಅಷ್ಟರಲ್ಲಿ ಯಾರೋ ಕಾರಿನ ಛಾವಣಿಯನ್ನು ಕೋಲಿನಿಂದ ತಟ್ಟಿದರು. ಏಮಸ್. ಅಂಚೆಪೆಟ್ಟಿಗೆಯವರೆಗಿನ ನಡಿಗೆಗೆ ಮಾತ್ರ ಈಗ ಅವನಿಗೆ ಅಪ್ಪಣೆ.

“ಯಾವ ಹುಡುಗಿ ಇದು, ದಾರಿ ತಪ್ಪಿದ್ಳಾ?” ಎಪ್ಪತ್ತರ ಸಮೀಪದ ನೋರೀನ್ ಅವನಿಗೆ ಇಂದಿಗೂ ಹುಡುಗಿಯೇ. “ಈ ಸಲ ನಮ್ಮನೆ ಬಾಗಿಲಿಗೆ ಬರ್ಲೇ ಇಲ್ಲ. ಗಿಲಿಯನ್ ಹಣ್ಣಿನ ಕೇಕು ಮಾಡಿಟ್ಟು ಕಾಯ್ತಾ ಇದಾಳೆ. ಅದು ಇನ್ನೂ ಗಟ್ಟಿಯಾದ್ರೆ ಗೋಡೆ ಕಟ್ಟಬೇಕಾಗತ್ತೆ.”

“ಹತ್ತಿ ಏಮಸ್, ಬಿಟ್ಟುಬರ್ತೀನಿ,” ಎಂದಳು.

ನಾನು ಹಿಂದಿನ ಸೀಟಿಗೆ ಸರಿದೆ. ಸ್ವಲ್ಪ ದೂರ ಏರಿದ ಮೇಲೆ ಏಮಸ್ ಕೋಲಿನ ಹಿಡಿಯನ್ನು ಉಜ್ಜುತ್ತ ಕೇಳಿದ: “ಆ ಗೇಟಿನ ವಿಷಯಕ್ಕೆ ಬೇಜಾರಾಗಿ ಬರ್ಲಿಲ್ವೇನಮ್ಮಾ? ನಿಮ್ಮವರ ಮೇಲೆ ಅನುಮಾನ ಪಟ್ವಲ್ಲಾ ಅಂತ? ಹಾಗಿದ್ರೆ ಮನಸಲ್ಲಿಟ್ಕೋಬೇಡ. ಅದನ್ನ ಮುಚ್ಚಿದ್ದು ನಾನೇ. ಆವಾಗ ಇಲ್ಲ ಇಲ್ಲ ಅಂತಿದ್ದೆ; ಈಗ ಚೆನ್ನಾಗಿ ನೆನಪಾಗಿದೆ. ಕಬ್ಬಿಣ ಎಷ್ಟು ತಣ್ಣಗಿತ್ತು ಅಂದ್ರೆ, ಕೈಗೆ ಅಂಟ್ಕೊಂತು.”

ಏರಿನ ನಡುವೆ ಎಂದೂ ಕಾರು ನಿಲ್ಲಿಸದ ನೋರೀನ್ ಅಲ್ಲಿ ನಿಲ್ಲಿಸಿದಳು. ತಾನು ಅವನಿಂದ ಕಸಿದದ್ದು ಬೈಕಿನ ಕೀಲಿಯನ್ನಷ್ಟೇ ಅಲ್ಲವೆಂಬುದು ಅವಳಿಗೆ ಆಗ ತಿಳಿಯಿತೆಂದು ತೋರುತ್ತದೆ. ಮತ್ತೆ ಗೇರು ಹಾಕಿ ನೇರ ಕ್ಯಾಲ್ವರ್ಟರ ಅಂಗಳಕ್ಕೆ ಹೋದಳು. ಕೋಟು ಕಳಚದೆ, ಕುರ್ಚಿ ಎಳೆದುಕೊಳ್ಳದೆ, ಅಡುಗೆಮನೆಯ ನಡುವೆ ನಿಂತು, ಹಾಳೆಯ ಆ ಸಾಲನ್ನೂ ತಾನು ಸುಮ್ಮನಿದ್ದುದನ್ನೂ ಇಬ್ಬರಿಗೂ ಹೇಳಿದಳು.

ಕೆಟಲು ಕುದಿದು ತಾನಾಗಿ ಆರಿತು. ಗಿಲಿಯನ್ ಅದನ್ನು ಮುಟ್ಟಲಿಲ್ಲ.

“ಇಡೀ ವರ್ಷ, ನೋರೀನ್,” ಎಂದಳು. “ಚಿಕ್ಕವಳಿದ್ದಾಗ ನಿಮ್ಮ ಬಸ್ಸಲ್ಲೇ ಶಾಲೆಗೆ ಹೋದವಳು ನಾನು. ನೀವು ಹೇಳಿದ್ರಿ ಅಂತ ನಂಬಿದೆ. ಇದೇ ಜಾಗದಲ್ಲಿ ನಿಂತು ಇವರ ಮೇಲೆ ಕೂಗಾಡಿದೀನಿ ಗೊತ್ತಾ? ಮಗೂನ ಬೈದ ಹಾಗೆ ಬೈದಿದೀನಿ.”

“ಕ್ಷಮಿಸು ಅಂತ ಕೇಳೋಕೂ ನನಗೆ ಬಾಯಿಲ್ಲ.”

“ಕೇಳಬೇಕಾದ್ದು ನನ್ನನ್ನಲ್ಲ.”

ಗಿಲಿಯನ್ ಬೀರುವಿನಿಂದ ಕೀಲಿ ತಂದು ಏಮಸ್‌ನ ಮುಂದಿಟ್ಟಳು. ಅವನು ಅದನ್ನು ಮುಟ್ಟದೆ ನೋಡಿದ.

“ಅಲ್ಲಮ್ಮಾ, ನನಗೆ ನೆನಪಿದೆಯಲ್ಲ,” ಎಂದ.

“ಇಲ್ಲ ಮಾವ. ನಾವೇ ಹೇಳಿ ಹೇಳಿ ನಿಮಗೆ ನೆನಪು ಮಾಡ್ಸಿದ್ದು.”

“ಕಬ್ಬಿಣ ತಣ್ಣಗಿತ್ತು.”

“ಎಲ್ಲ ಗೇಟೂ ತಣ್ಣಗೇ ಇರತ್ತೆ, ಮಾವ.”

ಅವನು ಇಬ್ಬರ ಮುಖವನ್ನೂ ನೋಡಿದ. ಕೊನೆಗೆ ನೋರೀನಳ ಕಡೆ ತಿರುಗಿ, “ಕೇಕು ತಿನ್ನು ಹುಡುಗಿ,” ಎಂದ. ಅವಳು ತಿಂದಳು. ಅಷ್ಟು ಕಷ್ಟಪಟ್ಟು ಯಾರೊಬ್ಬರೂ ಕೇಕು ನುಂಗಿದ್ದನ್ನು ನಾನು ಕಂಡಿಲ್ಲ.

ಈ ವರ್ಷ ದಾರಿಯನ್ನು ಇತ್ತ ತರುವುದಿಲ್ಲವೆಂದು ಹೊರಡುವಾಗ ಅವಳೆಂದಳು. “ತರಬೇಕು,” ಎಂದಳು ಗಿಲಿಯನ್. “ಯಾಕೆ ತರ್ತಿದೀರಿ ಅಂತ ನಿಮ್ಮವರಿಗೆಲ್ಲ ನೀವೇ ಹೇಳ್ಬೇಕು. ಊರಿಗೆ ಕೇಳೋ ಹಾಗೆ ಹೇಳಿ.”

ಸವಾರಿಯ ಬೆಳಿಗ್ಗೆ ಊರಿನ ಸಭಾಂಗಣದ ಮೆಟ್ಟಿಲ ಮೇಲೆ ನಿಂತು ನೋರೀನ್ ಹೇಳಿದಳು. ಬಾನೆಟ್ಟು ಒರೆಸುತ್ತಿದ್ದವರ ಕೈಗಳು ನಿಂತವು. ಸದಾ ಒಂದು ಕುಹಕ ಸಿದ್ಧವಿಟ್ಟುಕೊಂಡಿರುತ್ತಿದ್ದ ಕ್ಲೈವ್ ಟೋಪಿ ತೆಗೆದು ಅದರೊಳಗೆ ನೋಡತೊಡಗಿದ. ಅಂಗಡಿಯಲ್ಲಿ ಏಮಸ್‌ನ ಬಗ್ಗೆ ಮಾತಾಡಿದ್ದವರು ಬೂಟಿನ ಲೇಸು ಬಿಗಿದುಕೊಂಡರು. ಹೊಸ ಹಾಳೆಯಲ್ಲಿ ಗೇಟು ಹೇಗಿದೆಯೋ ಹಾಗೆಯೇ ಬಿಡಿರೆಂದಿತ್ತು.

ನಮ್ಮದು ಮೊದಲ ಕಾರು. ಬ್ಲೀಗಿಲ್ ಗೇಟು ತೆರೆದಿತ್ತು. ಪಕ್ಕದಲ್ಲಿ ತನ್ನ ಬೈಕಿನೊಂದಿಗೆ ಏಮಸ್ ನಿಂತಿದ್ದ, ಒಗೆದ ಅಂಗಿ ತೊಟ್ಟು. ಕೈಯೆತ್ತಿದ. ನೋರೀನ್ ಕೂಡ ಎತ್ತಿದಳು. ದಾಟಿ ಮುಂದೆ ಹೋಗುವಾಗ ಅವಳ ಕಣ್ಣು ಹಿಂಬದಿ ತೋರಿಸುವ ಕನ್ನಡಿಯಲ್ಲಿತ್ತು; ನಾನೂ ತಿರುಗಿ ನೋಡಿದೆ. ಅವನು ಗೇಟಿನ ಹುರಿಯನ್ನು ಮುಟ್ಟಿ ನೋಡಿ ಬೈಕಿನ ಕಡೆ ನಡೆದ, ನಿಂತ, ಮರಳಿ ಬಂದು, ತನ್ನ ಕೈಯನ್ನೇ ನಂಬದವನಂತೆ ಗಂಟನ್ನು ಎಳೆದು ನೋಡಿದ. ಹೋದ. ಮತ್ತೆ ಬಂದ.

ತಿರುವು ದಾಟಿತು. ಇಡೀ ಕಣಿವೆ, ಅದರ ಗೋಡೆಗಳು, ಹೊಳೆ, ಬಿಳಿ ಹೂಬಿಟ್ಟ ಬೇಲಿಗಳೆಲ್ಲ ಒಮ್ಮೆಗೇ ಎದುರಿಗೆ ತೆರೆದುಕೊಂಡವು. “ನೋರೀನ್, ಎದುರಿಗೆ ನೋಡು,” ಎಂದೆ. ಅವಳು ಕನ್ನಡಿಯನ್ನೇ ನೋಡುತ್ತಿದ್ದಳು.