ಅತ್ತೆಯ ಕೈಚೀಲದಲ್ಲಿ ಗುಲಾಬಿ ಕಡ್ಡಿ

ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿರುವ ನಮ್ಮ ಮನೆಯ ಹಿತ್ತಲನ್ನು ಇಂಗ್ಲಿಷ್ ತೋಟದ ಹಾಗೆ ಮಾಡಲೇಬೇಕೆಂದು ನಾನು ಹಟ ಹಿಡಿದಿದ್ದೆ. ಫೋಟೊ ನೋಡಿದರೆ ಸಾಲದು, ಕಣ್ಣಾರೆ ಕಾಣಬೇಕು ಎಂದು ಗಂಡನ ತಲೆ ತಿಂದು, ವಿಸಿಟರ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಿದ್ದ ಅತ್ತೆಯನ್ನೂ ಹೊರಡಿಸಿಕೊಂಡು ಜೂನ್‌ನಲ್ಲಿ ಇಂಗ್ಲೆಂಡಿಗೆ ಹೋದೆ. ಹೆಸರಾಂತ ತೋಟಗಳಲ್ಲಿ ಎಲ್ಲರೂ ಹೂ ನೋಡುತ್ತಿದ್ದರೆ ನಾನು ಪಾತಿಗಳ ಅಗಲ ಅಳೆಯುತ್ತಿದ್ದೆ. ಎತ್ತರದ ಗಿಡ ಹಿಂದೆ, ಗಿಡ್ಡದ್ದು ಮುಂದೆ, ಬಿಳಿ ಹೂಗಳೆಲ್ಲ ಒಂದೇ ಕಡೆ. ಹೋಟೆಲಿಗೆ ಬಂದ ಕೂಡಲೇ ಫೋನಿನಲ್ಲಿ ಹಿತ್ತಲಿನ ಪ್ಲಾನ್ ತಿದ್ದುತ್ತಿದ್ದೆ.

ಅತ್ತೆಗೆ ಇದೊಂದೂ ಹಿಡಿಸಲಿಲ್ಲ. "ಇಷ್ಟೊಂದು ಹೂವು, ಮುಡಿಯೋರಿಲ್ಲ, ದೇವರಿಗೆ ಇಡೋರೂ ಇಲ್ಲ" ಎಂದು ಮುಖ ಊದಿಸಿಕೊಂಡು ಕೂರುತ್ತಿದ್ದರು. ಕೊನೆಯ ತೋಟದಲ್ಲಿ ಮಾತ್ರ ಇಟ್ಟಿಗೆ ಗೋಡೆಗೆ ಹಬ್ಬಿದ ತಿಳಿಹಳದಿ ಗುಲಾಬಿಯ ಮುಂದೆ ನಿಂತುಬಿಟ್ಟರು. ಮೈಸೂರಿನಲ್ಲಿ ಯಾರ ಮನೆಯ ಗಿಡ ಇಷ್ಟವಾದರೂ "ಒಂದು ಕಡ್ಡಿ ಕೊಡ್ರೀ" ಎಂದು ಕೇಳಿ ತಂದು ನೆಡುವವರು ಅವರು. ಕೊಡದವರನ್ನು ನಾನು ಕಂಡಿಲ್ಲ. ಇಲ್ಲಿಯೂ ತೋಟದ ಕೆಲಸಗಾರನನ್ನು ಸನ್ನೆಯಲ್ಲೇ ಕೇಳಿದರು. ಅವನು ನಕ್ಕು ಗಿಡ ಮಾರುವ ಅಂಗಡಿಯತ್ತ ಕೈ ತೋರಿಸಿದ. ಕೇಳದೆ ಮುರಿದು ತಂದ ಕಡ್ಡಿ ಇನ್ನೂ ಚೆನ್ನಾಗಿ ಬೇರು ಬಿಡುತ್ತದೆಂದು ನಂಬುವವರ ಪೈಕಿ ಅವರೂ ಒಬ್ಬರು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಡೆಟ್ರಾಯಿಟ್ ವಿಮಾನ ನಿಲ್ದಾಣದ ಇಮಿಗ್ರೇಷನ್ ಸಾಲಿನಲ್ಲಿ ನಮ್ಮ ಸರದಿ ಹತ್ತಿರ ಬಂದಾಗ ಅತ್ತೆ ನನ್ನ ತೋಳು ಹಿಡಿದರು.

"ಬ್ಯಾಗಲ್ಲಿ ಆ ಗುಲಾಬಿ ಕಡ್ಡಿ ಇದೆ ಕಣೇ. ಒದ್ದೆ ಕರ್ಚೀಫಲ್ಲಿ ಸುತ್ತಿಟ್ಟಿದೀನಿ."

ಹೊರದೇಶದ ಗಿಡವನ್ನು ಬಚ್ಚಿಟ್ಟು ಸಿಕ್ಕಿಬಿದ್ದರೆ ವೀಸಾ ರದ್ದು ಮಾಡಿ ಅತ್ತೆಯನ್ನು ಇಲ್ಲಿಂದಲೇ ವಾಪಸ್ ಕಳಿಸಿದರೂ ಕಳಿಸಿಯಾರು. ಮಂಡಿ ನೋವಿನ ಹೆಂಗಸು, ಒಬ್ಬರೇ ಹೇಗೆ ಹೋಗುತ್ತಾರೆ?

"ಹೇಳಿಬಿಡೋಣ ರೀ. ನಾವೇ ಡಿಕ್ಲೇರ್ ಮಾಡಿದ್ರೆ ಬರೀ ಕಿತ್ಕೊಂಡು ಬಿಡ್ತಾರೆ" ಎಂದೆ ಗಂಡನಿಗೆ.

"ಕಿತ್ಕೊಳ್ಳಲಿ ಅಂತ ತಂದ್ನಾ ನಾನು?" ಎಂದರು ಅತ್ತೆ.

"ಇಬ್ರೂ ಸುಮ್ನಿರಿ. ಕೇಳಿದ್ರೆ ನಾನು ಮಾತಾಡ್ತೀನಿ" ಎಂದು ಗಂಡ ಹಲ್ಲು ಕಚ್ಚಿದರು. ತಾಯಿ ಮಗ ಇಬ್ಬರ ಮೇಲೂ ನನಗೆ ಮೈಯೆಲ್ಲ ಉರಿಯಿತು.

ಅಧಿಕಾರಿ ನಮ್ಮ ಪಾಸ್‌ಪೋರ್ಟ್‌ಗಳನ್ನು ತಿರುವಿ ಹಾಕಿ, ಹಣ್ಣು, ಬೀಜ, ಗಿಡ ಏನಾದರೂ ಇದೆಯೇ ಎಂದು ಕೇಳಿದ. ಗಂಡ ಥಟ್ಟನೆ ಇಲ್ಲ ಎಂದರು. ಅವರ ದನಿ ನಡುಗಿದ್ದು ನನಗೆ ಕೇಳಿಸಿತು. ಅತ್ತೆಗೂ ಕೇಳಿಸಿರಬೇಕು. ಮಗನ ಮುಖವನ್ನೊಮ್ಮೆ ನೋಡಿದವರೇ ಕೈಚೀಲದ ಜಿಪ್ ಎಳೆದು ಕರ್ಚೀಫನ್ನು ಗಾಜಿನ ಮುಂದಿಟ್ಟರು.

"ಯೆಸ್ ಸರ್. ಒನ್ ರೋಸ್."

ನಮ್ಮನ್ನು ಒಳಗಿನ ಕೋಣೆಗೆ ಕಳಿಸಿದರು. ಸೂಟ್‌ಕೇಸುಗಳನ್ನೆಲ್ಲ ಬಿಚ್ಚಿಸಿ ನೋಡಿದ ಅಧಿಕಾರಿಣಿ ಕಡೆಗೆ ಅತ್ತೆಯ ಎದುರು ಬಂದು ನಿಂತು, ಇದು ನಿಮ್ಮ ಮಗನಿಗೆ ಗೊತ್ತಿತ್ತೇ ಎಂದು ಕೇಳಿದಳು. ಗೊತ್ತಿತ್ತು ಎಂದರೆ ಮಗ ಸುಳ್ಳುಗಾರನಾಗುತ್ತಿದ್ದ.

"ನೋ ಮೇಡಂ. ಸನ್ ನಾಟ್ ನೋ. ಓನ್ಲಿ ಮಿ" ಎಂದರು ಅತ್ತೆ, ಕಣ್ಣು ಕೂಡ ಮಿಟುಕಿಸದೆ.

ಅವಳು ಅತ್ತೆಯನ್ನೇ ತುಸು ಹೊತ್ತು ನೋಡಿದಳು. ಆಮೇಲೆ ಕಡ್ಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಇನ್ನು ಮೇಲೆ ಹೀಗೆ ಮಾಡಬೇಡಿ ಎಂದು ಎಚ್ಚರಿಸಿ ನಮ್ಮನ್ನು ಬಿಟ್ಟಳು.

ಕಾರಿನಲ್ಲಿ ಹೆದ್ದಾರಿಯಿಂದ ನಮ್ಮ ಮನೆ ಕಡೆಗೆ ತಿರುಗುವ ಎಕ್ಸಿಟ್ ಹತ್ತಿರ ಬಂದಾಗ ನಾನೇ ಸಮಾಧಾನಕ್ಕೆಂದು ಹೇಳಿದೆ: "ಅದೇ ಗುಲಾಬಿ ಇಲ್ಲಿ ನರ್ಸರೀಲಿ ಸಿಗುತ್ತೆ ಅತ್ತೆ. ತರೋಣ ಬಿಡಿ."

"ಬೇಡಮ್ಮ" ಎಂದರು ಕಿಟಕಿಯ ಕಡೆ ಮುಖ ಮಾಡಿಕೊಂಡು. "ತಂದ್ರೂ ಎಲ್ಲಿ ನೆಡೋದು? ನಿನ್ನ ಪ್ಲಾನ್ ನೋಡಿದೀನಿ, ಒಂದಡಿ ಜಾಗಾನೂ ಖಾಲಿ ಇಲ್ಲ. ಬಂದು ಇಷ್ಟು ದಿನ ಆಯ್ತು, ನಾನು ನೆಟ್ಟಿದ್ದು ಅಂತ ಒಂದಾದ್ರೂ ಇರ್ಲಿ ಅನ್ನಿಸ್ತು. ಅಷ್ಟೇ."

ಕೆನ್ನೆಗೆ ಹೊಡೆದ ಹಾಗಾಯಿತು. ಅವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿಬಿಡುತ್ತಾರೇನೋ ಎಂದು ಅಷ್ಟು ಹೆದರಿದ್ದೆನಲ್ಲ, ಒಳಗೆ ಬಂದ ಮೇಲೆ ನಮ್ಮ ಮನೆಯಲ್ಲಿ ಅವರದು ಅಂತ ಏನಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.