ಕಡಲಾಚೆಯ ಬಾಣಂತನ

ನನ್ನ ತಂಗಿ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮದುವೆಯಾದ ಮೇಲೆ ಗಂಡನೂ ಅಲ್ಲೇ ಕೆಲಸ ಹಿಡಿದ. ಎರಡು ಸಲ ಬಸಿರಾಗಿ, ಎರಡು ಸಲವೂ ನಿಲ್ಲದೆ, ಮೂರನೆಯ ಸಲ ನಿಂತಿತು ಎನ್ನುವ ಸುದ್ದಿ ಬಂದದ್ದು ಕೊರೋನಾದ ಎರಡನೆಯ ಅಲೆಯ ಬೇಸಿಗೆಯಲ್ಲಿ. ಬಿಜಾಪುರದ ಜೋರಾಪುರ ಪೇಟೆಯ ನಮ್ಮ ಓಣಿಯಲ್ಲಿ ಆಗ ದಿನಾ ಒಂದಿಲ್ಲೊಂದು ಮನೆಯಿಂದ ಅಳು ಕೇಳುತ್ತಿತ್ತು. ಅಂಥದರಲ್ಲಿ ಈ ಸುದ್ದಿ ಕೇಳಿ ನಾನು ಬಾಗಿಲು ಹಾಕಿಕೊಂಡು ಒಬ್ಬಳೇ ನಕ್ಕಿದ್ದೆ, ಹೊರಗಿನವರಿಗೆ ಕೇಳಿಸಿದರೆ ಏನು ತಿಳಿದಾರು ಎಂದು.

ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಬಸುರಿ ತವರಿಗೆ ಬರಬೇಕು. ಬರಲಾಗದಿದ್ದರೆ ತವರೇ ಎದ್ದು ಅವಳಿದ್ದಲ್ಲಿಗೆ ಹೋಗಬೇಕು. ತಂಗಿ ಬರುವಂತಿರಲಿಲ್ಲ. ಅಲ್ಲಿಯ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದರು. ಗಂಡನದು ಪಾಳಿ ಕೆಲಸ, ಅರ್ಧ ದಿನ ಅವಳೊಬ್ಬಳೇ. ದೀಪಾವಳಿಯ ಹಿಂದೆಮುಂದೆ ದಿನ ತುಂಬುತ್ತಿತ್ತು. ಅಷ್ಟರೊಳಗೆ ಅವ್ವ ಅಲ್ಲಿಗೆ ಮುಟ್ಟಬೇಕು. ನಮ್ಮ ಮುಂದೆ ಇದ್ದದ್ದು ಇದೊಂದೇ ಕೆಲಸ. ಫೋನ್ ಮಾಡಿದಾಗಲೆಲ್ಲ ತಂಗಿ ಕೇಳುತ್ತಿದ್ದದ್ದೂ ಇದನ್ನೇ: "ಅವ್ವ ಯಾವಾಗ ಬರ್ತಾಳಕ್ಕಾ?"

ಅವ್ವ ಇರುವುದು ಬಬಲೇಶ್ವರದಿಂದ ಒಳಗೆ ಹೋಗಬೇಕಾದ ಸಣ್ಣ ಹಳ್ಳಿಯಲ್ಲಿ, ಅಣ್ಣನ ಮನೆಯಲ್ಲಿ. ಪಂಢರಾಪುರ ದಾಟಿ ಹೋದವಳಲ್ಲ. ಆದರೂ ಮಗಳ ಬಾಣಂತನ ಎಂದ ಕೂಡಲೇ ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ತಲೆ ಬಾಚಿಕೊಂಡು ಕೂತಿದ್ದಳು. "ವಿಮಾನ ಅಂದ್ರ ಏನು, ಮ್ಯಾಲ ಹೋಗೂ ಬಸ್ಸು. ಕುಂತ್ರ ಆತು, ಅದ ಒಯ್ತೈತಿ" ಎಂದಳು. ಕೂತರೆ ಒಯ್ಯುವ ಕಾಲ ಅದಾಗಿರಲಿಲ್ಲ. ಭಾರತದಿಂದ ಹೋಗುವ ವಿಮಾನಗಳಿಗೆ ಆ ದೇಶ ಬಾಗಿಲು ಹಾಕಿತ್ತು.

ಅದೇ ಹೊತ್ತಿಗೆ ಅವ್ವನಿರುವ ನಮ್ಮೂರಲ್ಲಿ ವಾರ ಹಿಡಿದರು. ಊರಿಗೆ ದೊಡ್ಡ ಬೇನೆ ಬಂದರೆ ಹಿರಿಯರು ಕಟ್ಟೆಯ ಮೇಲೆ ಕೂತು ಐದು ಮಂಗಳವಾರ ಗೊತ್ತು ಮಾಡುತ್ತಾರೆ. ಆ ದಿನ ರೊಟ್ಟಿ ಬಡಿಯುವಂತಿಲ್ಲ, ಕುಟ್ಟುವ ಬೀಸುವ ಸದ್ದು ಕೇಳಬಾರದು, ಹೊಲಕ್ಕೆ ಹೋಗಬಾರದು. ಊರವರು ಸೀಮೆ ದಾಟುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಐದೂ ವಾರ ಮುಗಿದು ದೇವಿಗೆ ಹೋಳಿಗೆ ನೈವೇದ್ಯ ಆಗುವ ತನಕ ವಾರ ಹಿಡಿದ ಹೆಂಗಸು ಬೇರೆ ಊರಲ್ಲಿ ರಾತ್ರಿ ಉಳಿಯಬಾರದು. ನಾನು ಹುಡುಗಿಯಾಗಿದ್ದಾಗ ದನಗಳಿಗೆ ಬೇನೆ ಬಂದು ಹಿಡಿದದ್ದನ್ನು ನೋಡಿದ್ದೆ. ಆಮೇಲೆ ಊರು ಮರೆತಿತ್ತು. ಕೊರೋನಾ ನೆನಪು ಮಾಡಿಕೊಟ್ಟಿತು.

ಬಬಲೇಶ್ವರದ ಕಡೆಯಿಂದ ಲಸಿಕೆಯವರ ಜೀಪು ನಮ್ಮೂರಿಗೆ ಬರಲು ಗೊತ್ತಾದ ದಿನವೂ ಮಂಗಳವಾರ. ಜೀಪು ಸೀಮೆಯ ಬೇವಿನ ಗಿಡದ ತನಕ ಬಂದಿದೆ. ಹಿರಿಯರು ಅಲ್ಲೇ ಅಡ್ಡ ನಿಂತು ಕೈಮುಗಿದು, "ಇವತ್ತ ಬ್ಯಾಡ್ರಿ, ನಾಳೆ ಬರ್ರಿ" ಎಂದಿದ್ದಾರೆ. ನಾಳೆ ಬೇರೆ ಊರಿನ ಪಾಳಿ. ಮುಂದಿನ ಮಂಗಳವಾರವೂ ಅದೇ ಆಯಿತು. ಆಮೇಲೆ ಜೀಪಿನವರು ನಮ್ಮೂರನ್ನು ಬಿಟ್ಟು ಮುಂದಿನ ಊರಿಗೆ ಹೋಗತೊಡಗಿದರು. ವಾರ ಮುಗಿದು ಹೋಳಿಗೆ ತಿಂದು ಊರು ಕೈ ತೊಳೆದುಕೊಳ್ಳುವಷ್ಟರಲ್ಲಿ ತಾಲೂಕಿನಲ್ಲೇ ಲಸಿಕೆ ಮುಗಿದಿತ್ತು.

ನಾನು ತಿಕೋಟಾದಲ್ಲಿ ಹೈಸ್ಕೂಲು ಟೀಚರು. ಆ ಬೇಸಿಗೆ ಸರಕಾರ ನಮ್ಮನ್ನು ಮನೆಮನೆಗೆ ಅಟ್ಟಿತ್ತು. ಬಾಗಿಲು ಬಾಗಿಲಿಗೆ ನಿಂತು ಲಸಿಕೆ ಹಾಕಿಸ್ಕೊರಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ದೀಪದ ಬುಡದಲ್ಲಿ ಕತ್ತಲೆ. ಅವ್ವನಿಗೆ ಲಸಿಕೆ ಆಗಿಲ್ಲ ಎಂದು ಗೊತ್ತಾದಾಗ ಫೋನಿನಲ್ಲೇ ಜಗಳ ತೆಗೆದೆ. ಅವ್ವ ಎಲ್ಲ ಕೇಳಿಸಿಕೊಂಡು, "ನಾ ವಾರ ಹಿಡದಿದ್ದು ನನ್ನ ಸಲುವಾಗಿ ಅಲ್ಲ ಬೇ. ಅಕಿ ಹೊಟ್ಯಾಗಿಂದು ನಿಲ್ಲಲಿ ಅಂತ ಬೇಡ್ಕೊಂಡೇನಿ. ನಡುವ ಬಿಡಾಕ ಬರ್ತೈತೇನು?" ಎಂದಳು. ನಾನು ಫೋನು ಇಟ್ಟೆ. ಸಿಟ್ಟು ಮಾತ್ರ ಹಾಗೇ ಇತ್ತು.

ಜುಲೈ ಕಳೆಯುತ್ತ ಬಂದಾಗ ಅವ್ವನಿಗೆ ಮೊದಲ ಡೋಸು ಸಿಕ್ಕಿತು. ಎರಡನೆಯದಕ್ಕೆ ಎಂಬತ್ನಾಲ್ಕು ದಿನ ಕಾಯಬೇಕು, ಅಂದರೆ ದಸರೆ ಬರುತ್ತದೆ. ಹೇಗೂ ವಿಮಾನವಿಲ್ಲ, ಕಾದರಾಯಿತು ಎಂದುಕೊಂಡೆವು. ಸೆಪ್ಟೆಂಬರಿನಲ್ಲಿ ಆ ದೇಶ ಬಾಗಿಲು ತೆರೆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವ ಹಾಗೆ, ಬಾಗಿಲ ಜೊತೆ ಷರತ್ತುಗಳೂ ಬಂದವು. ಎರಡೂ ಡೋಸು ಆಗಿರಬೇಕು, ಎರಡನೆಯದಾಗಿ ಹದಿನಾಲ್ಕು ದಿನ ಕಳೆದಿರಬೇಕು. ಒಂದು ಡೋಸು ಆದವರು ಅವರ ಲೆಕ್ಕದಲ್ಲಿ ಲಸಿಕೆಯೇ ಆಗದವರು. ಅವರನ್ನು ವಿಮಾನ ಹತ್ತಿಸುವುದಿಲ್ಲ. ಟಿಕೆಟ್ ಮಾಡಿಸುವವನ ಅಂಗಡಿಯಲ್ಲಿ ಕೂತು ಆ ನಿಯಮಗಳನ್ನು ಮತ್ತೆ ಮತ್ತೆ ಓದಿಸಿದೆ. ಓದಿದಾಗಲೆಲ್ಲ ಅದೇ ಇತ್ತು.

ಪರದೇಶಕ್ಕೆ ಹೋಗುವವರಿಗೆ ಎರಡನೆಯ ಡೋಸನ್ನು ಬೇಗ, ಇಪ್ಪತ್ತೆಂಟು ದಿನಕ್ಕೇ ಕೊಡುತ್ತಾರಂತೆ ಎಂದು ತಿಕೋಟಾ ಆಸ್ಪತ್ರೆಯ ಸಿಸ್ಟರ್ ಒಬ್ಬರು ಹೇಳಿದರು. ಬಿಜಾಪುರದ ಆರೋಗ್ಯ ಇಲಾಖೆಯ ಆಫೀಸಿನಲ್ಲಿ ಕೇಳಬೇಕು ಎಂದರು. ನನಗೆ ರೆಕ್ಕೆ ಬಂದ ಹಾಗಾಯಿತು. ಮರುದಿನವೇ ಅವ್ವನನ್ನು ಬಬಲೇಶ್ವರದಿಂದ ಬಸ್ಸಿಗೆ ಕರೆಸಿಕೊಂಡು ಆ ಆಫೀಸಿಗೆ ಹೋದೆ. ದಾರಿಯಲ್ಲಿ ಅವ್ವ ಬಸವಣ್ಣನ ಗುಡಿ ಕಂಡಲ್ಲೆಲ್ಲ ಕೈ ಮುಗಿದಳು, ನಾನೂ ಮುಗಿದೆ.

ಅಲ್ಲಿದ್ದ ಡಾಕ್ಟರು ಸಣ್ಣ ವಯಸ್ಸಿನವರು, ಒಳ್ಳೆಯವರು. ಅದೇ ಕಷ್ಟ. ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಓದಲು ಹೋಗುವವರಿಗೆ, ನೌಕರಿಗೆ ಹೋಗುವವರಿಗೆ, ದೇಶದ ಪರವಾಗಿ ಆಟಕ್ಕೆ ಹೋಗುವವರಿಗೆ ಮಾತ್ರ ಬೇಗ ಕೊಡುವ ಆದೇಶ ಇದೆ ಎಂದರು. ಬಾಣಂತನಕ್ಕೆ ಹೋಗುವವರ ಮಾತು ಆದೇಶದಲ್ಲಿ ಇರಲಿಲ್ಲ. ಆದೇಶ ಬರೆದವರನ್ನೂ ಯಾರೋ ಒಬ್ಬಳು ಹೆತ್ತು ನೀರು ಹಾಕಿಸಿಕೊಂಡಿರಬೇಕು. ಅದು ಅವರಿಗೆ ನೆನಪಾಗಿರಲಿಕ್ಕಿಲ್ಲ.

ನಾನು ಸೋಲಲಿಲ್ಲ. "ನೌಕರಿಗೇ ಹೊಂಟಾಳ್ರಿ" ಎಂದುಬಿಟ್ಟೆ. ಡಾಕ್ಟರು ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದರು.

"ಆಯೀ, ಅಲ್ಲಿ ಏನು ಕೆಲಸ ಮಾಡ್ತೀರಿ?"

"ಬಾಣಂತನದ ಕೆಲಸಾರಿ. ಎಣ್ಣಿ ಹಚ್ಚೂದು, ನೀರ ಹಾಕೂದು, ಹೊಗಿ ಕೊಡೂದು, ಕೂಸಿನ ಎರಿಯೂದು. ಅಕಿಗೆ ಪಥ್ಯದ ಅಡಿಗಿ ಮಾಡೂದು. ರಾತ್ರಿ ಕೂಸು ಅತ್ರ ಏಳೂದು." ಅವ್ವ ಒಂದೂ ಸುಳ್ಳು ಹೇಳುತ್ತಿರಲಿಲ್ಲ. ನನಗೆ ಇನ್ನೇನು ಕೆಲಸವಾಯಿತು ಎನ್ನಿಸಿತು.

"ಪಗಾರ ಎಷ್ಟ ಕೊಡ್ತಾರ?"

ಅವ್ವ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಹೊಟ್ಟ್ಯಾಗ ಹುಟ್ಟಿದ ಮಗಳ ಕಡೆ ಯಾರರ ಪಗಾರ ತಗೋತಾರೇನ್ರಿ ಸಾಹೇಬ್ರ?"

ಡಾಕ್ಟರೂ ನಕ್ಕರು. ಆಮೇಲೆ ತಲೆ ತಗ್ಗಿಸಿ, "ಟೀಚರ, ಕಂಪನಿಯ ಪತ್ರ ಇಲ್ಲದ ನನ್ನ ಕೈಲೆ ಆಗೂದಿಲ್ಲ. ನನಗೂ ಅಕ್ಕತಂಗೇರು ಅದಾರ, ತಪ್ಪು ತಿಳ್ಕೋಬ್ಯಾಡ್ರಿ" ಎಂದರು. ನಾನು ಕಾಲು ಹಿಡಿಯುವುದೊಂದು ಬಾಕಿ. ಅದನ್ನೂ ಮಾಡುತ್ತಿದ್ದೆ, ಅವ್ವ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು. ಮೆಟ್ಟಿಲ ಮೇಲೆ ಕೂತು, "ಆಟ ಆಡಾಕ ಹೋಗವ್ರಿಗೆ ಐತಿ, ಹಡಿಯೂ ಮಗಳ ಕಡೆ ಹೋಗವ್ರಿಗೆ ಇಲ್ಲ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಲೋಕ ಹೀಗಿದೆಯಲ್ಲ ಎನ್ನುವ ಬೆರಗು ಅದರಲ್ಲಿತ್ತು. ಸಿಟ್ಟೆಲ್ಲ ನನ್ನದೇ. ಆ ದೇಶದ ಮೇಲೆ, ನಮ್ಮ ದೇಶದ ಮೇಲೆ, ಬೇವಿನ ಗಿಡದ ಕೆಳಗೆ ಅಡ್ಡ ನಿಂತ ಹಿರಿಯರ ಮೇಲೆ, ಎಲ್ಲರ ಮೇಲೂ.

ಮಹಾನವಮಿಯ ಹೊತ್ತಿಗೆ ಎರಡನೆಯ ಡೋಸು ಆಯಿತು. ಅವ್ವ ಹಳ್ಳಿಗೆ ಹೋಗದೆ ನಮ್ಮ ಮನೆಯಲ್ಲೇ ಉಳಿದಳು. ಇನ್ನು ಹದಿನಾಲ್ಕು ದಿನ, ಆಮೇಲೆ ಹೈದರಾಬಾದಿಗೆ ಬಸ್ಸು, ಅಲ್ಲಿಂದ ವಿಮಾನ. ದೀಪಾವಳಿಗೆ ಮುಂಚೆಯೇ ಮುಟ್ಟುತ್ತಾಳೆ ಎಂದು ತಂಗಿಗೆ ಹೇಳಿದೆ. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು ಕೇಳಿಸಿತು. "ಅಂಟಿನುಂಡಿ ತರಾಕ ಹೇಳು, ಗೋಡಂಬಿ ಕಡಿಮಿ ಹಾಕಿರ್ಲಿ" ಎಂದಳು.

ಆ ಹದಿನಾಲ್ಕು ದಿನಗಳ ನಡುವೆ ಒಂದು ಸಂಜೆ ಸಾಲಿ ಬಿಟ್ಟು ತಿಕೋಟಾ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ತಂಗಿಯ ಗಂಡನ ಫೋನು ಬಂತು. ಹಿಂದಿನ ದಿನವೇ ನೋವು ಕಾಣಿಸಿಕೊಂಡಿತಂತೆ. ಹೆಣ್ಣು ಕೂಸು. ತಿಂಗಳು ತುಂಬಿರಲಿಲ್ಲ, ಉಸಿರು ಸರಿಯಾಗಿ ಬರಲಿಲ್ಲ, ಡಾಕ್ಟರು ಮಾಡಬಹುದಾದ್ದನ್ನೆಲ್ಲ ಮಾಡಿದರು, ಬೆಳಗಿನ ಜಾವ ಹೋಯಿತು. ಅಷ್ಟು ಹೇಳಿ ಅವನು ಅಳತೊಡಗಿದ. ಎದುರಿಗೆ ಬಿಜಾಪುರದ ಬಸ್ಸು ಬಂದು ನಿಂತು ಹೋಯಿತು. ಇನ್ನೊಂದು ಬಂದು ಹೋಯಿತು. ನನಗೆ ಹತ್ತಬೇಕು ಎನ್ನುವುದೇ ಹೊಳೆಯಲಿಲ್ಲ.

ಆಮೇಲೆ ಫೋನನ್ನು ತಂಗಿ ತೆಗೆದುಕೊಂಡಳು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಅಕ್ಕಾ, ಅವ್ವಗ ಹೇಳಬ್ಯಾಡ. ಒಬ್ಬಾಕಿನ ವಿಮಾನದಾಗ ಇದನ್ನ ಹೊತಗೊಂಡು ಹ್ಯಾಂಗ ಬರ್ತಾಳ? ಇಲ್ಲಂದ್ರ ಬರೂದಾ ಬಿಡ್ತಾಳ. ನನಗ ಅಕಿ ಬೇಕು." ಹೂಂ ಎಂದೆ.

ಮುಂದಿನ ದಿನಗಳನ್ನು ನಾನು ಹೇಗೆ ದೂಡಿದೆನೋ ನನಗೇ ತಿಳಿಯದು. ನನ್ನ ಗಂಡನಿಗೊಬ್ಬನಿಗೆ ಹೇಳಿದ್ದೆ. ಅವ್ವ ಒಲೆಯ ಮುಂದೆ ಕೂತು ಬಾಣಂತಿಯ ಉಂಡಿಗೆ ಅಂಟು ಹುರಿಯುತ್ತಿದ್ದಳು, ಒಣಕೊಬ್ಬರಿ ತುರಿಯುತ್ತಿದ್ದಳು. ಮಧ್ಯಾಹ್ನ ಹಳೆಯ ಇಳಕಲ್ ಸೀರೆ ಹರಿದು ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದಳು, ಸೂಜಿಗೆ ದಾರ ಪೋಣಿಸಿಕೊಡಲು ನನ್ನನ್ನು ಕರೆಯುತ್ತಿದ್ದಳು. ನಾನು ಪೋಣಿಸಿ ಕೊಡುತ್ತಿದ್ದೆ. ಸಾಲಿಯಲ್ಲಿ ಪಾಠ ಮಾಡುವಾಗ ಬೋರ್ಡಿನ ಕಡೆ ತಿರುಗಿ ಕಣ್ಣು ಒರೆಸಿಕೊಂಡು ಮತ್ತೆ ಮಕ್ಕಳ ಕಡೆ ತಿರುಗುತ್ತಿದ್ದೆ.

ತಂಗಿ ದಿನಾ ಫೋನ್ ಮಾಡುತ್ತಿದ್ದಳು. ವಿಡಿಯೋ ಬರುತ್ತಿಲ್ಲ, ನೆಟ್‌ವರ್ಕ್ ಸರಿಯಿಲ್ಲ ಎಂದು ದನಿಯಷ್ಟೇ. ಅವ್ವನ ಪ್ರಶ್ನೆಗಳು ಬಸುರಿಗೆ ಕೇಳುವಂಥವು.

"ಹೊಟ್ಟಿ ಕೆಳಗ ಇಳದೈತೇನು?"

"ಹೂಂ ಯವ್ವಾ, ಇಳದೈತಿ."

"ಹಂಗಾರ ದಿನ ಹತ್ರ ಬಂತು. ನಾ ಬರೂತನಕ ಹಿಡಕೋ ಯವ್ವಾ."

ನಾನು ಎದ್ದು ಬಚ್ಚಲಿಗೆ ಹೋಗಿ ನೀರಿನ ನಳ ಜೋರಾಗಿ ಬಿಟ್ಟುಕೊಂಡೆ.

ಹೈದರಾಬಾದಿನ ವಿಮಾನ ನಿಲ್ದಾಣದ ತನಕ ನಾನೇ ಹೋದೆ. ಅವ್ವನ ಮೂಗಿಗೆ ಕಡ್ಡಿ ಹಾಕಿ ನೋಡಿ, ರೋಗವಿಲ್ಲ ಎಂಬ ಚೀಟಿಯೂ ಸಿಕ್ಕಿತ್ತು. ಎರಡು ಡೋಸು, ಹದಿನಾಲ್ಕು ದಿನ, ಎಲ್ಲ ಸರಿ. ಬಾಗಿಲಲ್ಲಿ ನಿಂತವನು ಕಾಗದ ನೋಡಿ ಒಂದು ಮಾತೂ ಆಡದೆ ಒಳಗೆ ಬಿಟ್ಟ. ಇಷ್ಟು ಸಲೀಸಾಗಿ ತೆರೆಯುವ ಬಾಗಿಲಿಗೆ ನಾವು ಎಷ್ಟು ತಲೆ ಜಜ್ಜಿಕೊಂಡಿದ್ದೆವು. ಒಳಗೆ ಹೋಗುವ ಮುಂಚೆ ಅವ್ವ ತಿರುಗಿ ನನ್ನ ಗಲ್ಲ ಸವರಿ ನೆಟಿಗೆ ಮುರಿದಳು. "ನೀ ಯಾಕ ಹಿಂಗ ಸೊರಗಿದಿ? ಇನ್ನ ಎಲ್ಲಾ ಚಲೋ ಆಗ್ತೈತಿ" ಎಂದಳು. ಆಗ ಹೇಳಿಬಿಡಬೇಕು ಎನ್ನಿಸಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಇದೊಂದನ್ನು ನಾನು ಯಾವ ದೇಶದ ನಿಯಮದ ಮೇಲೂ ಹಾಕಿ ತಪ್ಪಿಸಿಕೊಳ್ಳುವಂತಿಲ್ಲ.

ಮರುದಿನ ಇಡೀ ಫೋನು ಬರಲಿಲ್ಲ. ನಾನೂ ಮಾಡಲಿಲ್ಲ, ಮಾಡುವ ಧೈರ್ಯವಿರಲಿಲ್ಲ. ಅದರ ಮಾರನೆಯ ದಿನ ಅವ್ವನೇ ಮಾಡಿದಳು. ಅತ್ತು ಅತ್ತು ದನಿ ಕಟ್ಟಿತ್ತು.

"ನಿನಗ ಗೊತ್ತಿತ್ತು," ಎಂದಳು. ಪ್ರಶ್ನೆಯಲ್ಲ.

"ಹೂಂ ಯವ್ವಾ."

ಬಯ್ಯಲಿ, ಇನ್ನು ಮುಂದೆ ನನ್ನ ಜೊತೆ ಮಾತಾಡಬೇಡ ಎನ್ನಲಿ ಎಂದು ಕಾದೆ. ಆ ಕಡೆ ನೀರು ಕುದಿಯುವ ಸದ್ದು ಕೇಳಿಸುತ್ತಿತ್ತು.

"ಇಲ್ಲಿ ಮನ್ಯಾಗ ಹೊಗಿ ಹಾಕಿದ್ರ ಗಂಟಿ ಹೊಡಕೋತೈತಂತ. ಅಜಿವಾನ ಎಲ್ಲಿ ಸುಡ್ಲಿ ನಾ?" ಎಂದಳು.

ನನಗೆ ಅರ್ಥವಾಗಲಿಲ್ಲ. "ಯಾರಿಗೆ ಯವ್ವಾ ಹೊಗಿ?" ಎಂದು ಕೇಳಿಬಿಟ್ಟೆ.

"ಯಾರಿಗಂದ್ರ? ಕೂಸು ಇಲ್ಲಂದ್ರ ಅಕಿ ಬಾಣಂತಿ ಅಲ್ಲೇನು? ಹಡದಾಳ ನನ್ನ ಮಗಳು, ಮೈ ಇನ್ನಾ ಹಸಿ ಐತಿ. ಒಬ್ಬರರ ಎಣ್ಣಿ ಹಚ್ಚಿಲ್ಲ, ಒಬ್ಬರರ ತಲಿಮ್ಯಾಲ ನೀರು ಹಾಕಿಲ್ಲ. ಇಡ್ತೀನಿ ಬೇ, ನೀರು ಕಾದಾವು."